ನಂಬರ್ ಹಿಂದೆ ಬಿದ್ದರೆ ಇಷ್ಟದ ಶಾಲೆಯನ್ನೂ ಹಿಂದೆ ಹಾಕಬೇಕಾ?

ನ್ಯೂಯಾರ್ಕ್ ನಗರದಲ್ಲಿ ಐದನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಂದೇ ಮಾತು: ಮಿಡಲ್ ಸ್ಕೂಲ್ ಅರ್ಜಿ. ಇಲ್ಲಿ ಆರು, ಏಳು, ಎಂಟನೇ ಕ್ಲಾಸಿಗೆ ಸಾಮಾನ್ಯವಾಗಿ ಬೇರೆ ಶಾಲೆ. ಸರ್ಕಾರಿ ಶಾಲೆಯೇ, ಫೀಸಿಲ್ಲ. ಯಾವ ಶಾಲೆ ಬೇಕು ಅಂತ ಮನೆಯವರು ಮೈಸ್ಕೂಲ್ಸ್ ಅನ್ನುವ ನಗರದ ವೆಬ್‌ಸೈಟಿನಲ್ಲಿ ಪಟ್ಟಿ ಮಾಡಿ ಕೊಡಬೇಕು. ಸೀಟಿಗಿಂತ ಜಾಸ್ತಿ ಮಕ್ಕಳು ಕೇಳಿದ ಕಡೆ ಲಾಟರಿ, ಅದಕ್ಕೆ ಪ್ರತಿ ಮಗುವಿಗೂ ಒಂದು ನಂಬರ್. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇದ್ದವು. ನಾನು ಕ್ವೀನ್ಸ್‌ನ ಒಂದು ಸರ್ಕಾರಿ ಶಾಲೆಯಲ್ಲಿ ಪೇರೆಂಟ್ ಕೋಆರ್ಡಿನೇಟರ್. ಅಪ್ಪ ಅಮ್ಮಂದಿರಿಗೂ ಶಾಲೆಗೂ ನಡುವೆ ಓಡಾಡುವುದೇ ನನ್ನ ಕೆಲಸ. ಹಾಗಾಗಿ ಈ ಅರ್ಜಿಯ ಒಳಹೊರಗು ಹತ್ತಿರದಿಂದ ನೋಡುತ್ತೇನೆ. ಈ ಸಂಚಿಕೆಯ ಜಾಗವೆಲ್ಲ ಅದಕ್ಕೇ.

ಅಕ್ಕಾ, ನಾವು ಬ್ರೂಕ್ಲಿನ್‌ನ 15ನೇ ಶಾಲಾ ಡಿಸ್ಟ್ರಿಕ್ಟ್‌ನಲ್ಲಿದ್ದೇವೆ. ಮೈಸ್ಕೂಲ್ಸ್ ಖಾತೆಯಲ್ಲಿ ಮಗಳ ಲಾಟರಿ ನಂಬರ್ ನೋಡಿದೆ. ‘ಸಿ’ ಅಕ್ಷರದಿಂದ ಶುರುವಾಗುತ್ತೆ. ಇದು ಕೆಟ್ಟ ನಂಬರ್ ಅಂತ ಗೆಳತಿ ಹೇಳಿದಳು. ಮಗಳಿಗೆ ಎಂ.ಎಸ್. 51 ಅನ್ನುವ ಮಿಡಲ್ ಸ್ಕೂಲ್ ಬೇಕು. ನಮ್ಮ ಮನೆಯವರು, “ಸಿಗಲ್ಲ ಅಂತ ಗೊತ್ತಿದ್ದೂ ಅದನ್ನ ಮೊದಲು ಹಾಕಿ ಯಾಕೆ ಹಾಳು ಮಾಡ್ಕೋತೀಯ? ಸಿಗೋದನ್ನ ಮೊದಲು ಹಾಕು, ಇಲ್ಲಾಂದ್ರೆ ಅದೂ ಕೈತಪ್ಪುತ್ತೆ” ಅಂತಾರೆ. ಮನೆಯಲ್ಲಿ ದಿನಾ ಇದೇ ಜಗಳ. ಏನು ಮಾಡಲಿ?
— ಒಬ್ಬ ತಾಯಿ, ಬ್ರೂಕ್ಲಿನ್

ಎಂ.ಎಸ್. 51 ಅನ್ನೇ ಮೊದಲು ಹಾಕಿ. ಮಗಳಿಗೆ ಯಾವುದು ಹೆಚ್ಚು ಇಷ್ಟವೋ ಅದು ಮೊದಲು, ಆಮೇಲೆ ಇಷ್ಟವಾಗಿದ್ದು ಎರಡನೆಯದು. ಪಟ್ಟಿ ಪೂರ್ತಿ ಹಾಗೇ ಇರಲಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಇಲ್ಲಿನ ಲೆಕ್ಕ ಇರುವುದೇ ಹಾಗೆ.

ಮೊದಲು ನಂಬರ್ ವಿಷಯ. ಅದರಲ್ಲಿ ಒಟ್ಟು 32 ಅಕ್ಷರ ಅಂಕಿಗಳಿರುತ್ತವೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು, ಎ ಇಂದ ಎಫ್‌ವರೆಗಿನ ಅಕ್ಷರಗಳು. ಅಂಕಿ ಮೊದಲು, ಅಕ್ಷರ ಆಮೇಲೆ. ಸೊನ್ನೆಯಿಂದ ಶುರುವಾದವರು ಸಾಲಿನ ಮುಂದೆ, ಎಫ್‌ನಿಂದ ಶುರುವಾದವರು ಹಿಂದೆ. ಮೊದಲ ಜಾಗದಲ್ಲಿ ಬರಬಹುದಾದವು 16. ‘ಸಿ’ಗಿಂತ ಮುಂಚೆ ಅವುಗಳಲ್ಲಿ 12 ಬಂದುಬಿಡುತ್ತವೆ. ಅಂದರೆ ನೂರು ಮಕ್ಕಳಲ್ಲಿ ಸುಮಾರು 75 ಜನ ನಿಮ್ಮ ಮಗಳಿಗಿಂತ ಮುಂದಿದ್ದಾರೆ. ಗೆಳತಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಎಲ್ಲರೂ ಕೇಳುವ ಶಾಲೆ ಈ ನಂಬರಿಗೆ ಸಿಗುವುದು ಕಷ್ಟ.

ಆದರೆ ನಿಮ್ಮ ಯಜಮಾನರ ಭಯ ಬೇರೆಯದು. ಮೊದಲ ಆಯ್ಕೆ ಸಿಗದಿದ್ದರೆ ಎರಡನೆಯದರಲ್ಲೂ ಹಿಂದೆ ಬೀಳುತ್ತೇವೆ ಅನ್ನುವುದು. ಆ ಭಯ ಬೇಡ. ಕಂಪ್ಯೂಟರ್ ಮಾಡುವುದನ್ನು ನಿಧಾನವಾಗಿ ಹೇಳುತ್ತೇನೆ, ಇಬ್ಬರೂ ಕೂತು ಓದಿ.

ನಿಮ್ಮ ಮಗಳ ಪಟ್ಟಿಯಲ್ಲಿ ಮೊದಲು ಎಂ.ಎಸ್. 51, ಎರಡನೆಯದು ಎಂ.ಎಸ್. 447 ಅನ್ನಿ. ಮೊದಲ ಸುತ್ತಿನಲ್ಲಿ ಪ್ರತಿ ಮಗುವಿನ ಹೆಸರೂ ಅವರವರ ಮೊದಲ ಆಯ್ಕೆಯ ಶಾಲೆಗೆ ಹೋಗುತ್ತದೆ. ಶಾಲೆ ತನ್ನ ಸೀಟು ತುಂಬುವಷ್ಟು ಮಕ್ಕಳನ್ನು ಸದ್ಯಕ್ಕೆ ಇಟ್ಟುಕೊಳ್ಳುತ್ತದೆ. ಸದ್ಯಕ್ಕೆ ಅಷ್ಟೇ, ಯಾರಿಗೂ ಖಾಯಂ ಅಲ್ಲ. ಎಂ.ಎಸ್. 51ರಲ್ಲಿ ನಿಮ್ಮ ಮಗಳಿಗೆ ಜಾಗ ಸಾಲಲಿಲ್ಲ ಅನ್ನೋಣ. ಈಗ ಅವಳ ಹೆಸರು ಎಂ.ಎಸ್. 447ಕ್ಕೆ ಹೋಗುತ್ತದೆ. ಅಲ್ಲಿ ‘ಡಿ’ ನಂಬರಿನ ಒಬ್ಬ ಹುಡುಗ ಅದನ್ನೇ ಮೊದಲ ಆಯ್ಕೆ ಮಾಡಿ ಆಗಲೇ ಕೂತಿದ್ದಾನೆ. ಸೀಟು ಭರ್ತಿ. ಕಂಪ್ಯೂಟರ್ ಆಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಯಾರು ಮೊದಲು ಬಂದರು, ಯಾರು ಎಷ್ಟನೇ ಆಯ್ಕೆ ಮಾಡಿದರು ಅಂತ ಕೇಳುವುದೇ ಇಲ್ಲ. ಯಾರಿಗೆ ಆದ್ಯತೆ, ಯಾರ ನಂಬರ್ ಮುಂದೆ, ಇಷ್ಟೇ ನೋಡುವುದು. ಆದ್ಯತೆ ಇಬ್ಬರಿಗೂ ಒಂದೇ ಇದ್ದರೆ ‘ಡಿ’ ಹುಡುಗ ಹೊರಗೆ ಬರುತ್ತಾನೆ, ‘ಸಿ’ ನಂಬರಿನ ನಿಮ್ಮ ಮಗಳು ಒಳಗೆ ಹೋಗುತ್ತಾಳೆ. ಆ ಹುಡುಗನ ಹೆಸರು ಅವನ ಎರಡನೇ ಆಯ್ಕೆಗೆ ಹೋಗುತ್ತದೆ. ಯಾರನ್ನೂ ಕದಲಿಸುವ ಅಗತ್ಯವಿಲ್ಲ ಅನ್ನುವವರೆಗೆ ಹೀಗೇ ನಡೆಯುತ್ತದೆ. ಆಮೇಲೆಯೇ ಸೀಟು ಖಾಯಂ.

ನೋಡಿದಿರಲ್ಲ, ಎಂ.ಎಸ್. 51 ಅನ್ನು ಮೊದಲು ಹಾಕಿದ್ದರಿಂದ ಮಗಳಿಗೆ ಏನೂ ನಷ್ಟ ಆಗಲಿಲ್ಲ. ಎಂ.ಎಸ್. 447 ಅನ್ನೇ ಮೊದಲು ಹಾಕಿದ್ದರೂ ಅದೇ ಸೀಟು ಸಿಗುತ್ತಿತ್ತು, ಒಂದು ಕಾಳಿನಷ್ಟೂ ಹೆಚ್ಚು ಲಾಭವಿಲ್ಲ. ನಂಬರ್ ಹೇಗೋ ಸಾಕಾಗಿ ಎಂ.ಎಸ್. 51 ಸಿಗುವಂತಿದ್ದರೆ ಮಾತ್ರ ಅದನ್ನು ನೀವೇ ಕೈಯಾರೆ ಬಿಟ್ಟುಕೊಟ್ಟಂತೆ ಆಗುತ್ತಿತ್ತು.

ಈ ಲೆಕ್ಕವನ್ನು ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಅನ್ನುವ ಇಬ್ಬರು ಗಣಿತಜ್ಞರು 1962ರಲ್ಲಿ ಬರೆದರು. ಆಲ್ವಿನ್ ರಾತ್ ಮತ್ತು ಅವರ ಜೊತೆಗಾರರು 2003ರಲ್ಲಿ ನ್ಯೂಯಾರ್ಕ್‌ನ ಹೈಸ್ಕೂಲ್ ಸೀಟು ಹಂಚಿಕೆಗೆ ಇದನ್ನು ಅಳವಡಿಸಿದರು. ರಾತ್ ಮತ್ತು ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಿಮ್ಮ ಬಳಗದಲ್ಲಿ ಊರಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಬಂದ ಡಾಕ್ಟರ್ ಯಾರಾದರೂ ಇದ್ದೇ ಇರುತ್ತಾರೆ. ಮಾರ್ಚ್‌ನಲ್ಲಿ ಅವರಿಗೆ ಯಾವ ಆಸ್ಪತ್ರೆ ಅಂತ ‘ಮ್ಯಾಚ್’ ಆಗುತ್ತದಲ್ಲ, ಅದೂ ಇದೇ ಜಾತಿಯ ಲೆಕ್ಕ. ಇಷ್ಟದ ಆಸ್ಪತ್ರೆಯನ್ನು ಮೊದಲು ಹಾಕು ಅಂತ ಅವರಿಗೂ ಹೇಳಿಕೊಟ್ಟಿರುತ್ತಾರೆ. ಯಜಮಾನರು ಒಂದು ಫೋನ್ ಮಾಡಿ ಕೇಳಲಿ.

ಅವರ ಭಯ ಬುಡವಿಲ್ಲದ್ದು ಅಂತ ನಾನು ಹೇಳುವುದಿಲ್ಲ. ಬಾಸ್ಟನ್‌ನಲ್ಲಿ ಮೊದಲು ಬೇರೆ ಪದ್ಧತಿ ಇತ್ತು. ಅಲ್ಲಿ ಮೊದಲ ಆಯ್ಕೆ ಮಾಡಿದವರಿಗೇ ಮೊದಲು ಸೀಟು ತುಂಬಿಬಿಡುತ್ತಿದ್ದರು. ಎರಡನೆಯದಾಗಿ ಬರೆದವರು ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಅಪ್ಪ ಅಮ್ಮಂದಿರು ಊಹೆ ಮಾಡಿ, ತಂತ್ರ ಮಾಡಿ ಪಟ್ಟಿ ಬರೆಯಬೇಕಿತ್ತು. 2005ರಲ್ಲಿ ಬಾಸ್ಟನ್ ಅದನ್ನು ಕೈಬಿಟ್ಟಿತು. ಆ ಕಾಲದ ಬುದ್ಧಿಮಾತು ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ಆದರೆ ‘ಸಿ’ ನಂಬರ್ ಇರುವವರು ಒಂದು ಕೆಲಸ ತಪ್ಪದೇ ಮಾಡಬೇಕು. ಪಟ್ಟಿ ಉದ್ದ ಇರಲಿ. ನಾಲ್ಕು ಹೆಸರುವಾಸಿ ಶಾಲೆ ಬರೆದು ನಿಲ್ಲಿಸಬೇಡಿ. ಒಂದೇ ಶಾಲೆ ಬರೆದರೆ ಅವರು ಮನಸ್ಸು ಕರಗಿ ಕೊಡುತ್ತಾರೆ ಅಂತಲೂ ಕೆಲವರು ನಂಬಿದ್ದಾರೆ. ಹಾಗೇನಿಲ್ಲ. ಪಟ್ಟಿಯಲ್ಲಿದ್ದ ಯಾವುದೂ ಸಿಗದಿದ್ದರೆ ಸೀಟು ಉಳಿದಿರುವ ಶಾಲೆಗೆ ಹಾಕುತ್ತಾರೆ, ಆಗ ನಿಮ್ಮ ಮಾತು ಏನೂ ಇರುವುದಿಲ್ಲ. ಮೈಸ್ಕೂಲ್ಸ್‌ನಲ್ಲಿ ಪ್ರತಿ ಶಾಲೆಯ ಪುಟದಲ್ಲೂ ಹಿಂದಿನ ವರ್ಷ ಎಷ್ಟು ಸೀಟಿಗೆ ಎಷ್ಟು ಜನ ಅರ್ಜಿ ಹಾಕಿದ್ದರು ಅಂತ ಇರುತ್ತದೆ. ಅರ್ಜಿ ಕಡಿಮೆ ಇರುವ ಶಾಲೆಗಳಲ್ಲಿ ನಿಮಗೆ ಒಪ್ಪಿಗೆಯಾಗುವಂಥ ಎರಡು ಮೂರನ್ನು ಹುಡುಕಿ, ಹೋಗಿ ನೋಡಿ, ಪಟ್ಟಿಯ ಕೊನೆಯಲ್ಲಿ ಸೇರಿಸಿ. ಅವು ಕೊನೆಯಲ್ಲಿ ಇರಬೇಕು, ಆದರೆ ಇರಲೇಬೇಕು.

ನಿಮ್ಮ ಡಿಸ್ಟ್ರಿಕ್ಟ್ ಬಗ್ಗೆ ಇನ್ನೊಂದು ಮಾತು. 2019ರಿಂದ ಅಲ್ಲಿನ ಮಿಡಲ್ ಸ್ಕೂಲ್‌ಗಳಲ್ಲಿ ಅಂಕ, ಇಂಟರ್‌ವ್ಯೂ ಯಾವುದೂ ಇಲ್ಲ. ಕಡಿಮೆ ಆದಾಯದ ಮನೆಯ ಮಕ್ಕಳು, ಇನ್ನೂ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಶೆಲ್ಟರ್‌ನಲ್ಲೋ ತಾತ್ಕಾಲಿಕ ನೆಲೆಯಲ್ಲೋ ಇರುವ ಮಕ್ಕಳು, ಇವರಿಗೆ ಶೇಕಡ 52ರಷ್ಟು ಸೀಟಿನಲ್ಲಿ ಆದ್ಯತೆ. ಊರಿಂದ ಇತ್ತೀಚೆಗೆ ಬಂದ ಮಗುವಿಗೆ ಶಾಲೆಗೆ ಸೇರಿಸುವಾಗ ಇಂಗ್ಲಿಷ್ ಪರೀಕ್ಷೆ ಮಾಡಿರುತ್ತಾರೆ. ಅದರಲ್ಲಿ ಮಗು ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿದ್ದರೆ ಈ ಆದ್ಯತೆ ಸಿಗುತ್ತದೆ. ನಿಮ್ಮ ಮಗಳಿಗೆ ಅನ್ವಯಿಸದೇ ಇರಬಹುದು. ಆದರೆ ಪಕ್ಕದ ಮನೆಯ ಕನ್ನಡದವರಿಗೆ ಅನ್ವಯಿಸಬಹುದು, ದಯವಿಟ್ಟು ಅವರಿಗೆ ತಿಳಿಸಿ.

ಏಪ್ರಿಲ್ ಹೊತ್ತಿಗೆ ಒಂದು ಶಾಲೆ ಸಿಗುತ್ತದೆ. ಅದಕ್ಕಿಂತ ಮೇಲೆ ನೀವು ಬರೆದಿದ್ದ ಶಾಲೆಗಳ ವೇಟ್‌ಲಿಸ್ಟ್‌ಗೆ ಮಗಳ ಹೆಸರು ತಾನಾಗಿಯೇ ಸೇರುತ್ತದೆ. ಎಂ.ಎಸ್. 51 ಮೊದಲು ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಕೆಳಗೆ ಬರೆದಿದ್ದ ಶಾಲೆಗೆ ಹೀಗೆ ತಾನಾಗಿ ಹೆಸರು ಹೋಗುವುದಿಲ್ಲ.

ಆಶೀರ್ವಾದಗಳು. ನಾನು ತಿಪಟೂರಿನಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಗಳ ಮನೆಗೆ ಬಂದಿದ್ದೇನೆ. ಮೊಮ್ಮಗ ಓದಿನಲ್ಲಿ ಚುರುಕು, ರಾತ್ರಿ ಕೂತು ಲೆಕ್ಕ ಮಾಡುತ್ತಾನೆ. ಇಂಥ ಹುಡುಗನಿಗೆ ಚೀಟಿ ಎತ್ತಿ ಶಾಲೆ ಕೊಡುವುದು ಯಾವ ನ್ಯಾಯ? ಕಷ್ಟಪಟ್ಟು ಓದಿದವನಿಗೂ ಓದದವನಿಗೂ ವ್ಯತ್ಯಾಸ ಬೇಡವೇ?
— ಒಬ್ಬ ತಾತ, ಸದ್ಯ ಕ್ವೀನ್ಸ್

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆ ನಮ್ಮ ಶಾಲೆಯ ಎಷ್ಟೋ ಅಪ್ಪ ಅಮ್ಮಂದಿರ ಪ್ರಶ್ನೆಯೂ ಹೌದು. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ.

ಇಲ್ಲಿ ಮೊದಲು ಅಂಕ ನೋಡಿಯೇ ಸೀಟು ಕೊಡುವ ಮಿಡಲ್ ಸ್ಕೂಲ್‌ಗಳು ಬಹಳ ಇದ್ದವು. ಏನು ನೋಡುತ್ತಿದ್ದರು ಗೊತ್ತಾ? ಮಗುವಿನ ನಾಲ್ಕನೇ ಕ್ಲಾಸಿನ ಅಂಕ, ನಾಲ್ಕನೇ ಕ್ಲಾಸಿನ ರಾಜ್ಯ ಪರೀಕ್ಷೆ. ಎಷ್ಟೋ ಶಾಲೆಗಳು ಹಾಜರಿಯನ್ನೂ, ತಡವಾಗಿ ಬಂದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವು. ನೀವು ಜೀವಮಾನವೆಲ್ಲ ಮಕ್ಕಳ ಜೊತೆ ಕಳೆದವರು, ನೀವೇ ಹೇಳಿ. ಒಂಬತ್ತು ವರ್ಷದ ಮಗು ಶಾಲೆಗೆ ತಡವಾಗಿ ಬಂದರೆ ಅದು ಮಗುವಿನ ತಪ್ಪಾ? ಅಮ್ಮ ನೈಟ್ ಶಿಫ್ಟ್ ಮುಗಿಸಿ ಮನೆಗೆ ಬರುವುದು ಏಳೂವರೆಗೆ. ತಮ್ಮನನ್ನು ಡೇಕೇರ್‌ಗೆ ಬಿಡಬೇಕು. ಆಮೇಲೆ ಬಸ್ಸು. ಅಂಥ ಮನೆಯ ಹುಡುಗಿ ಎಂಟೂ ಇಪ್ಪತ್ತರ ಬೆಲ್ ಹೊಡೆದ ಮೇಲೆ ಓಡಿ ಬಂದು, ಆಫೀಸಿನ ಕಿಟಕಿಯಲ್ಲಿ ಲೇಟ್ ಚೀಟಿ ತಗೊಂಡು, ಬ್ಯಾಗಿನ ಜಿಪ್ ಹಾಕಿಕೊಳ್ಳುತ್ತಲೇ ಮೆಟ್ಟಿಲು ಹತ್ತುವುದನ್ನು ನಾನು ನೋಡುತ್ತೇನೆ. ಲೆಕ್ಕದಲ್ಲಿ ಆಕೆ ನಿಮ್ಮ ಮೊಮ್ಮಗನಷ್ಟೇ ಚುರುಕು. ಆ ಲೇಟ್ ಚೀಟಿಗಳು ಅವಳ ಮಿಡಲ್ ಸ್ಕೂಲ್ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ಬದಲಾವಣೆ ಬಂದಿದ್ದು ಹೀಗೆ. ನ್ಯೂಯಾರ್ಕ್ ರಾಜ್ಯದ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಒಟ್ಟಿಗೆ ಕೂರುವುದು ಇಡೀ ಅಮೆರಿಕದಲ್ಲೇ ಅತಿ ಕಡಿಮೆ ಅಂತ 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಿಂದ ಒಂದು ವರದಿ ಬಂತು. ಜನ ಬೆಚ್ಚಿಬಿದ್ದರು. ಅಂಕ ನೋಡಿ ಮಕ್ಕಳನ್ನು ಬೇರೆ ಮಾಡುವುದು ಬೇಡ ಅಂತ ಹೈಸ್ಕೂಲ್ ಮಕ್ಕಳೇ ಬೀದಿಗಿಳಿದು ಕೇಳಿದರು. 15ನೇ ಡಿಸ್ಟ್ರಿಕ್ಟ್ ಅಂಕದ ಪದ್ಧತಿ ಬಿಟ್ಟಿತು. ಆಮೇಲೆ 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ರಾಜ್ಯ ಪರೀಕ್ಷೆ ರದ್ದಾಯಿತು. ನೋಡಲು ಅಂಕವೇ ಇಲ್ಲ, ಹಾಜರಿಯೂ ಇಲ್ಲ. ಆ ಡಿಸೆಂಬರ್‌ನಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ನಗರದ ಎಲ್ಲಾ ಮಿಡಲ್ ಸ್ಕೂಲ್‌ಗಳಲ್ಲೂ ಅಂಕದ ಆಯ್ಕೆಯನ್ನು ನಿಲ್ಲಿಸಿದರು. 2022ರಲ್ಲಿ, ಮತ್ತೆ ಬೇಕೋ ಬೇಡವೋ ಅನ್ನುವುದನ್ನು ಆಯಾ ಡಿಸ್ಟ್ರಿಕ್ಟ್‌ನ ಸೂಪರಿಂಟೆಂಡೆಂಟ್‌ಗೆ ಬಿಟ್ಟರು. ಕೆಲವು ಕಡೆ ವಾಪಸ್ ಬಂತು, ಹೆಚ್ಚಿನ ಕಡೆ ಬರಲಿಲ್ಲ. ನಿಮ್ಮ ಮಗಳ ಡಿಸ್ಟ್ರಿಕ್ಟ್‌ನಲ್ಲಿ ಅಂಥ ಶಾಲೆ ಇದೆಯಾ ಅಂತ ಮೈಸ್ಕೂಲ್ಸ್‌ನಲ್ಲಿ ನೋಡಿ. ಇದ್ದರೆ ಮೊಮ್ಮಗ ಹಾಕಲಿ.

ಚೀಟಿ ಎತ್ತುವುದು ನಮ್ಮ ಕಡೆಯೂ ಹೊಸದಲ್ಲ ಅಲ್ವಾ? ಕೇಂದ್ರೀಯ ವಿದ್ಯಾಲಯದ ಒಂದನೇ ಕ್ಲಾಸಿಗೆ ಲಾಟರಿ. ಆರ್‌ಟಿಇ ಸೀಟಿಗೂ ಲಾಟರಿ. ಆರು ವರ್ಷದ ಮಗುವಿಗೆ ಸರಿ, ಹತ್ತು ವರ್ಷಕ್ಕೆ ಸರಿಯಲ್ಲ ಅಂತ ನೀವು ಅನ್ನಬಹುದು. ನನ್ನ ಕಣ್ಣಿಗೆ ಹತ್ತು ವರ್ಷವೂ ಬಹಳ ಚಿಕ್ಕದು.

ಆದರೆ ನಿಮ್ಮ ಮಾತಿನ ಒಂದು ಭಾಗಕ್ಕೆ ನಾನೂ ದನಿ ಸೇರಿಸುತ್ತೇನೆ. ಲೆಕ್ಕದಲ್ಲಿ ಮುಂದಿರುವ ಮಗುವಿಗೆ ಮುಂದಿನ ಲೆಕ್ಕ ಸಿಗಬೇಕು. ಎಂಟನೇ ಕ್ಲಾಸಿನಲ್ಲಿ ಆಲ್ಜೀಬ್ರಾ ಕಲಿಸಿ ರೀಜೆಂಟ್ಸ್ ಅನ್ನುವ ಹೈಸ್ಕೂಲ್ ಮಟ್ಟದ ರಾಜ್ಯ ಪರೀಕ್ಷೆ ಬರೆಸುವ ಮಿಡಲ್ ಸ್ಕೂಲ್‌ಗಳಿವೆ, ಬರೆಸದವೂ ಇವೆ. ಇದು ಪ್ರತಿ ಶಾಲೆಯಲ್ಲೂ ಇರಬೇಕು. ಲಾಟರಿಯಲ್ಲಿ ಯಾವ ಶಾಲೆ ಬಂದರೂ ಆಲ್ಜೀಬ್ರಾ ಇದೆ ಅನ್ನುವಂತಿದ್ದರೆ ಇಷ್ಟು ಜನ ಹೀಗೆ ಒದ್ದಾಡಬೇಕಿರಲಿಲ್ಲ. ಶಾಲೆ ನೋಡಲು ಮಗಳ ಜೊತೆ ನೀವೂ ಹೋಗಿ, ಮೇಷ್ಟ್ರೇ. ಆಲ್ಜೀಬ್ರಾ ಯಾರಿಗೆಲ್ಲ ಕಲಿಸುತ್ತೀರಿ, ಇಡೀ ಕ್ಲಾಸಿಗಾ ಅಥವಾ ಆರಿಸಿದ ಕೆಲವರಿಗಾ ಅಂತ ನೀವೇ ಕೇಳಿ. ಗೋಡೆಗೆ ಅಂಟಿಸಿರುವ ಮಕ್ಕಳ ಲೆಕ್ಕದ ಹಾಳೆಗಳನ್ನು ನಿಂತು ಓದಿ. ಬರೀ ಉತ್ತರ ಇದೆಯಾ, ಮಗು ಹೇಗೆ ಯೋಚಿಸಿತು ಅನ್ನುವುದೂ ಇದೆಯಾ, ತಾರೀಕು ಈ ತಿಂಗಳದ್ದಾ ಕಳೆದ ವರ್ಷದ್ದಾ, ಇದನ್ನೆಲ್ಲ ನಿಮ್ಮಷ್ಟು ಬೇಗ ಬೇರೆ ಯಾರೂ ಹಿಡಿಯಲಾರರು.

ಮೇಡಂ, ನಾನು ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡ್ತೀನಿ. ಬೆಳಿಗ್ಗೆಯಿಂದ ರಾತ್ರಿವರೆಗೆ ರಜೆ ಸಿಗಲ್ಲ. ಹೆಂಡತಿಗೆ ಇಂಗ್ಲಿಷ್ ಕಷ್ಟ. ಮಗ ಐದನೇ ಕ್ಲಾಸ್. ಎಲ್ಲರೂ ಶಾಲೆ ನೋಡೋಕೆ ಹೋಗಿ ಅಂತಾರೆ, ಎಲ್ಲಾ ಶಾಲೆಯವರೂ ಬೆಳಿಗ್ಗೆ ಹತ್ತು ಗಂಟೆಗೆ ಕರೀತಾರೆ. ನಾವು ಹೋಗದೇ ಇದ್ರೆ ಮಗನಿಗೆ ಸೀಟು ಕಡಿಮೆ ಆಗುತ್ತಾ? ವೀಸಾ ಕಾಗದ ಕೇಳ್ತಾರಾ? ಮಗ ಮಾಂಸ ತಿನ್ನಲ್ಲ, ಊಟದ ಗತಿ ಏನು?
— ಒಬ್ಬ ತಂದೆ, ಫ್ಲಶಿಂಗ್

ಅಣ್ಣಾ, ಮೊದಲು ನಿಮ್ಮ ಭಯಗಳಿಗೆ ಉತ್ತರ. ಶಾಲೆ ನೋಡಲು ಹೋಗದಿದ್ದರೂ ಲಾಟರಿಯಲ್ಲಿ ಮಗನ ಜಾಗ ಕದಲುವುದಿಲ್ಲ. ಅರ್ಜಿಯನ್ನು ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ಒಂದೇ, ಗಡುವಿನ ಒಳಗೆ ಇರಬೇಕು ಅಷ್ಟೇ. ವೀಸಾ ಕೇಳುವುದಿಲ್ಲ. ಕಾಗದಪತ್ರ ಇಲ್ಲ ಅನ್ನುವ ಕಾರಣಕ್ಕೆ ಯಾವ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ಊಟ ಎಲ್ಲ ಮಕ್ಕಳಿಗೂ ಉಚಿತ, 2017ರಿಂದ ಹಾಗೇ. ಸೋಮವಾರ ಮಾಂಸವಿಲ್ಲದ ಅಡುಗೆ. ಶುಕ್ರವಾರ ಹಾಲು ಬೆಣ್ಣೆಯೂ ಇಲ್ಲದ ಸಸ್ಯಾಹಾರ ಮುಖ್ಯ, ಅದು 2022ರಲ್ಲಿ ಬಂತು. ಉಳಿದ ದಿನ ಡಬ್ಬಿ ಕಟ್ಟಿ ಕಳಿಸಿದರೂ ಯಾರೂ ಬೇಡ ಅನ್ನುವುದಿಲ್ಲ.

ಈಗ ಶಾಲೆ ನೋಡುವ ವಿಷಯ. ನಿಮ್ಮ ಪತ್ರ ಓದಿ ನನಗೆ ಹೊಟ್ಟೆ ಉರಿಯಿತು. ನೀವು ಹೇಳಿದ್ದು ನಿಜ. ಹಗಲು ಹೊತ್ತು ಬಿಡುವಿದ್ದವರಿಗೆ ಐದಾರು ಶಾಲೆ ನೋಡಲು ಆಗುತ್ತದೆ, ದಿನಗೂಲಿಯವರಿಗೆ ಆಗುವುದಿಲ್ಲ. ನಂಬರ್ ಎಲ್ಲರಿಗೂ ಸಮಾನವಾಗಿ ಹಂಚುತ್ತಾರೆ, ಮಾಹಿತಿ ಹಾಗೆ ಹಂಚಿಕೆಯಾಗುವುದಿಲ್ಲ. ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಇದು. ಆದರೂ ನಿಮಗೆ ದಾರಿ ಇದೆ.

ಕ್ವೀನ್ಸ್‌ನಲ್ಲಿ ಬಹಳ ವಿಳಾಸಗಳಿಗೆ ಝೋನ್ ಮಿಡಲ್ ಸ್ಕೂಲ್ ಇದೆ. ಅಂದರೆ ನಿಮ್ಮ ಬೀದಿಯ ಮಕ್ಕಳಿಗೆ ಮೊದಲ ಆದ್ಯತೆ ಕೊಡುವ ಶಾಲೆ. ಮಗನ ಖಾತೆ ತೆರೆದರೆ ನಿಮ್ಮ ವಿಳಾಸಕ್ಕೆ ಇದೆಯೋ ಇಲ್ಲವೋ ಕಾಣುತ್ತದೆ. ಇದ್ದರೆ ಅದನ್ನೂ ಪಟ್ಟಿಯಲ್ಲಿ ಬರೆಯಿರಿ, ತಾನಾಗಿ ಬರುತ್ತದೆ ಅಂತ ಬಿಡಬೇಡಿ. ಅದೇ ಇಷ್ಟವಾದರೆ ಮೊದಲೇ ಬರೆಯಿರಿ.

ಸಂಜೆ ಹೊತ್ತು ಕಂಪ್ಯೂಟರ್ ಮೂಲಕ ಓಪನ್ ಹೌಸ್ ಮಾಡುವ ಶಾಲೆಗಳೂ ಇವೆ. ಫೋನಿನಲ್ಲೇ ನೋಡಬಹುದು. ಆದರೆ ಅದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ನಿಮ್ಮ ಮನೆಯವರು ಮಗನನ್ನು ಕರೆದುಕೊಂಡು, ಶಾಲೆ ಬಿಡುವ ಹೊತ್ತಿಗೆ ಆ ಶಾಲೆಯ ಗೇಟಿನ ಎದುರು ಹೋಗಿ ನಿಲ್ಲಲಿ. ಮಗನ ಶಾಲೆ ಮುಂಚೆ ಬಿಡುವ ದಿನ ನೋಡಿಕೊಂಡು ಹೋಗಲಿ. ಇದಕ್ಕೆ ಯಾರ ಅನುಮತಿಯೂ ಬೇಡ, ಇಂಗ್ಲಿಷೂ ಬೇಡ. ಮಕ್ಕಳು ಹೊರಗೆ ಬರುವಾಗ ಮುಖ ಹೇಗಿದೆ ನೋಡಲಿ. ಟೀಚರ್‌ಗಳು ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ? ಜಗಳ ಶುರುವಾದರೆ ದೊಡ್ಡವರು ಯಾರಾದರೂ ನಡೆದು ಹೋಗಿ ಮಧ್ಯೆ ನಿಲ್ಲುತ್ತಾರಾ, ಅಥವಾ ದೂರದಿಂದ ಕೂಗುತ್ತಾರಾ? ಒಬ್ಬನೇ ಹೊರಗೆ ಬರುವ ಮಗುವನ್ನು ಯಾರಾದರೂ ಮಾತಾಡಿಸುತ್ತಾರಾ? ಅರ್ಧ ಗಂಟೆಯಲ್ಲಿ ಗೊತ್ತಾಗುವಷ್ಟು, ಪ್ರಿನ್ಸಿಪಾಲರ ಚೆಂದದ ಸ್ಲೈಡುಗಳಲ್ಲಿ ಗೊತ್ತಾಗುವುದಿಲ್ಲ. ಟೂರಿಗೆ ಹೋದವರಿಗೂ ನಾನು ಹೇಳುವುದು ಇಷ್ಟೇ: ಪೀರಿಯಡ್ ಬದಲಾಗುವಾಗ ಕಾರಿಡಾರಿನಲ್ಲಿ ಇರಿ, ಮಕ್ಕಳ ಬಾತ್‌ರೂಮ್ ಬಾಗಿಲು ತೆರೆದಿದೆಯಾ ಬೀಗ ಹಾಕಿದೆಯಾ ನೋಡಿ.

ಭಾಷೆಯ ವಿಷಯ. ಶಿಕ್ಷಣ ಇಲಾಖೆಯ ಕಾಗದಗಳು ಬಂಗಾಳಿ, ಉರ್ದುವಿನಲ್ಲಿ ಸಿಗುತ್ತವೆ, ಕನ್ನಡದಲ್ಲಿ ಇಲ್ಲ. ಆದರೆ ಫೋನಿನಲ್ಲಿ ಅನುವಾದಕರನ್ನು ಕೇಳುವ ಹಕ್ಕು ನಿಮಗಿದೆ. ನಿಮ್ಮ ಮನೆಯವರು ಶಾಲೆಯ ಆಫೀಸಿಗೆ ಹೋಗಿ “ಕನ್ನಡ” ಅಂತ ಒಂದು ಮಾತು ಹೇಳಿದರೆ ಸಾಕು, ವ್ಯವಸ್ಥೆ ಮಾಡಬೇಕು. ಸಂಕೋಚ ಪಡಬೇಡಿ. ನಾವು ಯಾರೂ ಕೇಳದಿದ್ದರೆ ನಮ್ಮ ಭಾಷೆಯವರು ಇಲ್ಲಿ ಇದ್ದಾರೆ ಅಂತಲೇ ಅವರಿಗೆ ಗೊತ್ತಾಗುವುದಿಲ್ಲ. ಮಗನ ಈಗಿನ ಶಾಲೆಯ ಗೈಡೆನ್ಸ್ ಕೌನ್ಸಿಲರ್ ಹತ್ತಿರ ಕೂತು ಅರ್ಜಿ ತುಂಬಬಹುದು. ಶಿಕ್ಷಣ ಇಲಾಖೆಯ ಫ್ಯಾಮಿಲಿ ವೆಲ್ಕಮ್ ಸೆಂಟರ್‌ನಲ್ಲೂ ತುಂಬಿಸಿಕೊಡುತ್ತಾರೆ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿ “ಸೀಟು ಮಾಡಿಸಿಕೊಡ್ತೀನಿ” ಅನ್ನುವವರು ಯಾರೇ ಆಗಲಿ ನಂಬಬೇಡಿ.

ನಾವು ಈಗ ಬ್ರೂಕ್ಲಿನ್‌ನಲ್ಲಿ ಬಾಡಿಗೆಗಿದ್ದೇವೆ. ಈ ಲಾಟರಿ ತಲೆನೋವೇ ಬೇಡ ಅಂತ ನ್ಯೂಜೆರ್ಸಿಯ ಎಡಿಸನ್‌ಗೆ ಹೋಗೋಣ ಅಂತಿದ್ದೇವೆ. ಸರಿನಾ?

ಎಡಿಸನ್‌ನಲ್ಲಿ ಮನೆ ವಿಳಾಸ ನೋಡಿ ಶಾಲೆ ಕೊಡುತ್ತಾರೆ, ಲಾಟರಿ ಇಲ್ಲ. ಬೇರೆ ಕಾರಣಗಳಿಗೆ ಹೋಗುವುದಿದ್ದರೆ ಸಂತೋಷವಾಗಿ ಹೋಗಿ. ಇದೊಂದಕ್ಕೇ ಆದರೆ ಏಪ್ರಿಲ್‌ವರೆಗೆ ಕಾಯಿರಿ. ಅಲ್ಲಿಂದ ಮ್ಯಾನ್‌ಹ್ಯಾಟನ್‌ಗೆ ದಿನಾ ರೈಲಿನಲ್ಲಿ ಓಡಾಡುವ ಅಪ್ಪ ಅಮ್ಮ ಮಗು ಮಲಗುವ ಹೊತ್ತಿಗೆ ಮನೆ ಸೇರಿದರೆ, ಶಾಲೆ ಎಷ್ಟು ಚೆನ್ನಾಗಿದ್ದರೂ ಕಷ್ಟವೇ.

ಅಕ್ಕಾ, ಮಗನಿಗೆ ಕಳೆದ ಏಪ್ರಿಲ್‌ನಲ್ಲಿ ನಾಲ್ಕನೇ ಆಯ್ಕೆಯ ಶಾಲೆ ಸಿಕ್ಕಿತು. ವೇಟ್‌ಲಿಸ್ಟ್ ಅಲ್ಲಾಡಲೇ ಇಲ್ಲ. ಈಗ ಆರನೇ ಕ್ಲಾಸಿಗೆ ಹೋಗುತ್ತಿದ್ದಾನೆ. ಇನ್ನು ಒಳ್ಳೆಯ ಹೈಸ್ಕೂಲ್ ಸಿಗಲ್ಲ, ಎಲ್ಲಾ ಮುಗೀತು ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಅವನ ಎದುರು ಅಳಬಾರದು ಅಂದುಕೊಂಡರೂ ಆಗುವುದಿಲ್ಲ.
— ಒಬ್ಬ ತಾಯಿ, ಜ್ಯಾಕ್ಸನ್ ಹೈಟ್ಸ್

ಏನೂ ಮುಗಿದಿಲ್ಲ ತಂಗಿ. ಹೈಸ್ಕೂಲ್‌ಗೆ ಸೇರಿಸುವಾಗ ಯಾವ ಮಿಡಲ್ ಸ್ಕೂಲ್‌ನಿಂದ ಬಂದ ಅಂತ ಯಾರೂ ಅಂಕ ಕೊಡುವುದಿಲ್ಲ. ಅಂಕ ನೋಡುವ ಹೈಸ್ಕೂಲ್‌ಗಳು ಮುಖ್ಯವಾಗಿ ನೋಡುವುದು ಏಳನೇ ಕ್ಲಾಸಿನ ವರ್ಷದ ಕೊನೆಯ ಗ್ರೇಡ್: ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ. ಆ ವರ್ಷ ಇನ್ನೂ ಬಂದೇ ಇಲ್ಲ. ಸ್ಟೈವಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಥರದ ಎಂಟು ಶಾಲೆಗಳಿಗೆ ಎಂಟನೇ ಕ್ಲಾಸಿನಲ್ಲಿ ಬರೆಯುವ ಎಸ್‌ಎಚ್‌ಎಸ್‌ಎಟಿ ಪರೀಕ್ಷೆ ಒಂದೇ ಲೆಕ್ಕ. ನಗರದಲ್ಲಿ ಇರುವ ಯಾವ ಮಗುವಾದರೂ ಬರೆಯಬಹುದು.

ನಿಮ್ಮ ಕೈಯಲ್ಲಿರುವ ಕೆಲಸ ಈಗಲೇ ಇದೆ. ನವೆಂಬರ್‌ನ ಪೇರೆಂಟ್ ಟೀಚರ್ ಮೀಟಿಂಗ್‌ಗೆ ಹೋಗಿ. ಗಣಿತದ ಟೀಚರ್ ಹತ್ತಿರ ಎರಡು ವಿಷಯ ಕೇಳಿ: ಎಂಟನೇ ಕ್ಲಾಸಿನಲ್ಲಿ ಆಲ್ಜೀಬ್ರಾ ಇದೆಯಾ, ಅದಕ್ಕೆ ನನ್ನ ಮಗ ಸೇರಬೇಕಾದರೆ ಈ ವರ್ಷ ಏನು ಮಾಡಬೇಕು. ಆಲ್ಜೀಬ್ರಾ ಇಲ್ಲ ಅಂದರೆ ನಿಮ್ಮ ಥರದ ಇನ್ನೂ ನಾಲ್ಕು ತಾಯಂದಿರನ್ನು ಜೊತೆ ಮಾಡಿಕೊಂಡು ಪಿಟಿಎ ಸಭೆಯಲ್ಲಿ ಕೇಳಿ. ಜ್ಯಾಕ್ಸನ್ ಹೈಟ್ಸ್‌ನಲ್ಲಿ ಬಂಗಾಳಿ, ನೇಪಾಳಿ, ಸ್ಪ್ಯಾನಿಷ್ ಮಾತಾಡುವ ತಾಯಂದಿರಿಗೂ ಇದೇ ಚಿಂತೆ ಇದೆ, ಮಾತಾಡಿಸಿ ನೋಡಿ.

ಮಗನ ಎದುರು ಅಳುವ ಬಗ್ಗೆ ಬರೆದಿರಿ. ಅತ್ತರೆ ತಪ್ಪಲ್ಲ. ಆದರೆ “ನಿನ್ನ ಶಾಲೆ ಒಳ್ಳೇದಲ್ಲ” ಅನ್ನುವ ಮಾತು ಅವನ ಕಿವಿಗೆ ಬೀಳದಿರಲಿ. ದಿನಾ ಆ ಶಾಲೆಗೆ ಹೋಗಿ ಕೂರುವವನು ಅವನು. ಅಲ್ಲಿನ ಗೆಳೆಯರು, ಟೀಚರ್‌ಗಳು ಈಗ ಅವನವರು. ಅವನಿಗೆ ಅಲ್ಲಿ ಯಾವ ಪೀರಿಯಡ್ ಇಷ್ಟ ಅಂತ ಕೇಳಿದ್ದೀರಾ? ಪತ್ರದಲ್ಲಿ ಅದು ಇರಲಿಲ್ಲ. ಕೇಳಿ, ಆಮೇಲೆ ನನಗೆ ಬರೆಯಿರಿ.

ಮಗಳಿಗೆ ಹನ್ನೊಂದು ವರ್ಷ. ಇಷ್ಟವಾದ ಶಾಲೆ ಸಬ್‌ವೇ ರೈಲಿನಲ್ಲಿ ಅರ್ಧ ಗಂಟೆ. ಒಬ್ಬಳನ್ನೇ ಕಳಿಸಲು ಧೈರ್ಯ ಬರುತ್ತಿಲ್ಲ. ಪಟ್ಟಿಯಿಂದ ತೆಗೆದುಬಿಡಲಾ?

ಸದ್ಯಕ್ಕೆ ತೆಗೆಯಬೇಡಿ. ಶಾಲೆ ಇರುವ ಒಂದು ದಿನ ಬೆಳಿಗ್ಗೆ ಏಳೂವರೆಗೆ ಅವಳ ಜೊತೆ ಹೊರಡಿ. ಭಾನುವಾರ ಬೇಡ, ಭಾನುವಾರದ ರೈಲೇ ಬೇರೆ. ದಾರಿ ಅವಳು ತೋರಿಸಲಿ, ನೀವು ಹಿಂದೆ ನಡೆಯಿರಿ. ಎಷ್ಟು ಕಡೆ ರೈಲು ಬದಲಿಸಬೇಕು, ಅದು ಮುಖ್ಯ. ಅರ್ಧ ಗಂಟೆ ಒಂದೇ ರೈಲಾದರೆ ಹನ್ನೊಂದು ವರ್ಷದವರು ಬೇಗ ರೂಢಿ ಮಾಡಿಕೊಳ್ಳುತ್ತಾರೆ. ಮಧ್ಯೆ ಎರಡು ಸಲ ಇಳಿದು ಹತ್ತುವುದಿದ್ದರೆ ಆ ಶಾಲೆಯನ್ನು ಪಟ್ಟಿಯಲ್ಲಿ ಕೆಳಗಿಡುವುದು ಒಳ್ಳೆಯದು. ಮನೆ ಅರ್ಧ ಮೈಲಿಗಿಂತ ದೂರ ಇದ್ದರೆ ಶಾಲೆಯವರು ಬಸ್ಸು, ರೈಲಿಗೆ ನಡೆಯುವ ವಿದ್ಯಾರ್ಥಿಗಳ ಓಮ್ನಿ ಕಾರ್ಡ್ ಕೊಡುತ್ತಾರೆ. ದಿನಕ್ಕೆ ನಾಲ್ಕು ಸಲ ಉಚಿತ, 2024ರಿಂದ ರಜಾದಿನಕ್ಕೂ ನಡೆಯುತ್ತದೆ. ಶಾಲೆ ಶುರುವಾದಾಗಿನಿಂದ ಬಿಡುವವರೆಗೆ ಫೋನ್ ಬಳಸುವಂತಿಲ್ಲ ಅಂತ 2025ರ ಸೆಪ್ಟೆಂಬರ್‌ನಿಂದ ರಾಜ್ಯದ ಕಾನೂನಿದೆ. ಆದರೆ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದ ಫೋನನ್ನು ಎಲ್ಲಿಡಬೇಕು ಅಂತ ಒಂದೊಂದು ಶಾಲೆಯಲ್ಲಿ ಒಂದೊಂದು ಥರ. ಟೂರಿಗೆ ಹೋದಾಗ ಅದನ್ನೂ ಕೇಳಿಕೊಂಡು ಬನ್ನಿ.